ಅಕ್ಷರದ ಪಂಕ್ತಿಯಲ್ಲಿ ಭೇದ: ಕುಮಟೆ, ಹೊನ್ನಾವರ, ಭಟ್ಕಳಗಳ ಬಡಮಕ್ಕಳ ವಿದ್ಯಾಚರಿತ್ರೆ

‘ದಾಸೋಹ’ವೆಂಬ ಮಾತನ್ನು ಇಂದು ನಾವು ಬಹುಮಟ್ಟಿಗೆ ಅನ್ನಸಂತರ್ಪಣೆಯ ಅರ್ಥದಲ್ಲಿಯೇ ಬಳಸುತ್ತಿದ್ದೇವೆ. ಜಾತ್ರೆಯ ದಿನ ಮಠದ ಅಂಗಳದಲ್ಲಿ ಸಾಲುಗೂಡಿ ಕುಳಿತ ಭಕ್ತಸಮೂಹಕ್ಕೆ ಪ್ರಸಾದ ಬಡಿಸಿದರೆ ದಾಸೋಹ ಸಾಂಗವಾಯಿತೆಂದು ತೃಪ್ತರಾಗುತ್ತೇವೆ. ಶರಣರ ಪರಿಭಾಷೆಯಲ್ಲಿ ಈ ಪದದ ವ್ಯಾಪ್ತಿ ಇದಕ್ಕಿಂತ ಹಿರಿದಾದುದು. ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ವಚನಸಾಹಿತ್ಯದ ಅಭ್ಯಾಸಿಗಳು ಬಲ್ಲರು. ದಾನದಲ್ಲಿ ಕೊಡುವವನು ದೊಡ್ಡವನು, ಕೊಳ್ಳುವವನು ಸಣ್ಣವನು. ಕೊಟ್ಟವನಿಗೆ ಪುಣ್ಯ, ಕೊಂಡವನಿಗೆ ಋಣ. ದಾಸೋಹದಲ್ಲಿ ಕೊಡುವವನೇ ದಾಸ. ಸ್ವೀಕರಿಸುವವನಲ್ಲಿ ಅವನು ಜಂಗಮಸ್ವರೂಪವನ್ನು ಕಾಣುತ್ತಾನೆ. ಆದುದರಿಂದ ಸ್ವೀಕರಿಸುವವನು ತಲೆ ತಗ್ಗಿಸಬೇಕಾದ ಕಾರಣವೇ ಉಳಿಯುವುದಿಲ್ಲ. ಪ್ರಸಾದದ ಸಾಲಿನಲ್ಲಿ ಪಂಕ್ತಿಭೇದ ಮಾಡುವುದು ಮಹಾಪರಾಧವೆಂದು ನಮ್ಮ ಹಿರಿಯರು ತಿಳಿದಿದ್ದರು. ಅನ್ನಕ್ಕೆ ಸಲ್ಲುವ ಈ ನಿಯಮ ಅಕ್ಷರಕ್ಕೂ ಸಲ್ಲಬೇಕಲ್ಲವೆ?

ಒಂದೇ ಶಾಲೆಯ ಒಂದೇ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಉಳ್ಳವರ ಮಗು ಮುಂದೆ ಹೋಗುತ್ತದೆ, ಇಲ್ಲದವರ ಮಗು ಹಿಂದೆ ಬೀಳುತ್ತದೆ. ಇದು ಅಕ್ಷರದ ಪಂಕ್ತಿಯಲ್ಲಿ ನಡೆಯುವ ಭೇದ. ಇದು ಹೇಗೆ ಹುಟ್ಟಿತು, ಎಷ್ಟು ಕಡಮೆಯಾಯಿತು, ಎಲ್ಲಿ ಇನ್ನೂ ಉಳಿದಿದೆ ಎಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಕುಮಟೆ, ಹೊನ್ನಾವರ, ಭಟ್ಕಳ ತಾಲೂಕುಗಳ ಚರಿತ್ರೆಯ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೀರಶೈವರ ಸಂಖ್ಯೆ ವಿರಳವಾದ ಕರಾವಳಿಯ ಸೀಮೆಯನ್ನು ಈ ಪತ್ರಿಕೆಯ ವಾಚಕರ ಮುಂದೆ ಇಡುವುದಕ್ಕೆ ಕಾರಣವುಂಟು. ಘಟ್ಟದ ಮೇಲೆ ಮಠಗಳು ಹಿಡಿದ ದಾರಿಯನ್ನು ನಾವು ಬಲ್ಲೆವು. ಅಂತಹ ಮಠಗಳ ಬಲವಿಲ್ಲದ ಘಟ್ಟದ ಕೆಳಗಿನ ನಾಡು ಬೇರೊಂದು ದಾರಿಯನ್ನು ಕಂಡುಕೊಂಡಿತು. ಎರಡನ್ನೂ ಹೋಲಿಸಿ ನೋಡಿದಾಗ ನಮಗೆ ಮುಂದಿನ ಕರ್ತವ್ಯ ತಿಳಿಯುತ್ತದೆ.

ಅಕ್ಷರ ಯಾರ ಕೈಯಲ್ಲಿತ್ತು?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದ ಕ್ರಾಂತಿಯನ್ನು ನಾವು ಧರ್ಮಕ್ರಾಂತಿಯೆಂದೂ ಸಮಾಜಕ್ರಾಂತಿಯೆಂದೂ ಕರೆಯುತ್ತೇವೆ. ಅದು ಅಷ್ಟೇ ಮಟ್ಟಿಗೆ ಅಕ್ಷರಕ್ರಾಂತಿಯೂ ಹೌದು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ, ಅವನ ಮಡದಿ ಲಕ್ಕಮ್ಮ ಇವರೆಲ್ಲ ವಚನಕಾರರಾದರು. ಶಿವಶರಣೆಯರೇ ಮೂವತ್ತಕ್ಕೂ ಹೆಚ್ಚು ಮಂದಿ ವಚನಗಳನ್ನು ರಚಿಸಿದರು. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಮರಳಿ ಸುರಿದು ಬರುವಂತೆ ಕಳುಹಿಸಿದ ಪ್ರಸಂಗ ಸರ್ವವಿದಿತ. ಈ ಕಥೆಯನ್ನು ನಾವು ನಿರ್ಲೋಭಕ್ಕೆ ದೃಷ್ಟಾಂತವಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಮರುದಿನಕ್ಕೆ ಅಕ್ಕಿಯಿಲ್ಲದ ಮನೆಯ ಹೆಣ್ಣುಮಗಳ ವಿವೇಕ ಕಲ್ಯಾಣದ ಯಾವ ಪಂಡಿತನ ವಿವೇಕಕ್ಕೂ ಕಡಮೆಯಾಗಿರಲಿಲ್ಲ. ಬಡತನವು ಬುದ್ಧಿಯ ಕೊರತೆಯಲ್ಲವೆಂಬುದಕ್ಕೆ ನಮ್ಮ ಪರಂಪರೆಯಲ್ಲಿ ಇದಕ್ಕಿಂತ ಹಳೆಯ ಪ್ರಮಾಣ ಬೇಕಿಲ್ಲ.

ಇದು ಸಾಧ್ಯವಾದದ್ದು ಹೇಗೆ? ಶರಣರು ತತ್ತ್ವವನ್ನು ಜನರ ಆಡುಮಾತಿನಲ್ಲಿ ಹೇಳಿದರು. ಕಲಿಯುವವನನ್ನು ಪಂಡಿತರ ಭಾಷೆಯ ಬಾಗಿಲಲ್ಲಿ ಕಾಯಿಸಲಿಲ್ಲ. ದುಡಿಯುವವನು ದುಡಿಮೆಯನ್ನು ಬಿಟ್ಟು ಬರಬೇಕೆಂದೂ ವಿಧಿಸಲಿಲ್ಲ. ಮಾತು ಅವನದಾಗಿತ್ತು, ಕಾಯಕ ಅವನದಾಗಿತ್ತು, ಅನುಭವಮಂಟಪದಲ್ಲಿ ಆಸನವೂ ಅವನದಾಗಿತ್ತು. ಕಲ್ಯಾಣದ ಕ್ಷೋಭೆಯ ನಂತರ ಈ ಮೂರೂ ಒಂದೊಂದಾಗಿ ಸಡಿಲಿದವು. ವಚನಗಳು ಓಲೆಗರಿಗಳಾಗಿ ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದುಕೊಂಡವು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಸಂಗ್ರಹಿಸಿ, ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು 1923ರಲ್ಲಿ ಪ್ರಕಟಿಸುವವರೆಗೆ, ಚೌಡಯ್ಯನ ಮಾತು ಅವನ ಕುಲಕಸುಬಿನವರ ಮಕ್ಕಳ ಕೈಗೆ ಪುಸ್ತಕವಾಗಿ ಬರುವ ಸಂಭವವೇ ಇರಲಿಲ್ಲ. ಅದೇ ಹಳಕಟ್ಟಿಯವರು 1910ರಲ್ಲಿ ವಿಜಾಪುರದಲ್ಲಿ ವಿದ್ಯಾಸಂಸ್ಥೆಯೊಂದರ ಸ್ಥಾಪನೆಗೂ ಕಾರಣರಾದರೆಂಬುದು ಆಕಸ್ಮಿಕವಲ್ಲ. ಪುಸ್ತಕವನ್ನು ಅಚ್ಚುಮಾಡಿದವನಿಗೆ ಓದುಗನನ್ನು ಸಿದ್ಧಪಡಿಸುವ ಹೊಣೆಯೂ ಕಂಡಿತು.

ಕರಾವಳಿಯ ಸ್ಥಿತಿ

ಕುಮಟೆ, ಹೊನ್ನಾವರ, ಭಟ್ಕಳಗಳು ವೀರಶೈವ ಚರಿತ್ರೆಗೆ ಹೊರತಾದ ಸ್ಥಳಗಳಲ್ಲ. ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯ ಆಳ್ವಿಕೆ ಹದಿನೇಳನೆಯ ಶತಮಾನದ ಆರಂಭದಲ್ಲಿ ಕೊನೆಗೊಂಡ ಮೇಲೆ, ಈ ತೀರ ಕೆಳದಿಯ ಅರಸರ ಅಧೀನಕ್ಕೆ ಬಂದಿತು. ಕುಮಟೆಯ ಸಮೀಪದ ಮಿರ್ಜಾನ ಕೋಟೆ, ಹೊನ್ನಾವರದ ಎದುರಿನ ಕಡಲಲ್ಲಿರುವ ಬಸವರಾಜದುರ್ಗ ಆ ಕಾಲವನ್ನು ನೆನಪಿಗೆ ತರುತ್ತವೆ. ಕೆಳದಿಯ ಅರಸರು ಸಹ್ಯಾದ್ರಿಯ ಎರಡೂ ಬದಿಗಳಲ್ಲಿ ಮಠಗಳಿಗೆ ಉಂಬಳಿ ಬಿಟ್ಟರು. ದಾರಿಗರಿಗೂ ಜಂಗಮರಿಗೂ ಅನ್ನದ ಏರ್ಪಾಡು ನಡೆಯಿತು. 1763ರಲ್ಲಿ ಬಿದನೂರು ಹೈದರನ ವಶವಾದ ನಂತರ ಆ ವ್ಯವಸ್ಥೆಗೆ ರಾಜಾಶ್ರಯ ತಪ್ಪಿತು. 1799ರ ತರುವಾಯ ಕಂಪನಿ ಸರ್ಕಾರ ಬಂದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು.

ಅದೇ ಕಾಲಕ್ಕೆ ಕುಮಟೆಯ ಬಂದರು ಪ್ರಸಿದ್ಧಿಗೆ ಬಂದಿತ್ತು. ಧಾರವಾಡ, ಹುಬ್ಬಳ್ಳಿಗಳ ಕಡೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟವನ್ನು ಇಳಿದು ಇಲ್ಲಿಂದ ಹಡಗೇರುತ್ತಿತ್ತು. ಆ ಹತ್ತಿಗೆ ಪರದೇಶದ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಈ ವ್ಯಾಪಾರ ಉತ್ಕರ್ಷಕ್ಕೇರಿತು. ಮುಂದೆ ರೈಲುಮಾರ್ಗ ಮಾರ್ಮಗೋವೆಯ ಕಡೆಗೆ ಹೋದ ಮೇಲೆ ಬಂದರಿನ ವೈಭವ ಇಳಿಯಿತು. ಹತ್ತಿಯ ಹಣ ಕುಮಟೆಯ ಮೂಲಕ ಹಾದುಹೋಯಿತು. ಮೂಟೆ ಹೊತ್ತವರ ಮಕ್ಕಳಿಗೆ ಅದರಿಂದ ಓದು ದೊರೆಯಲಿಲ್ಲ. ಮುಂಬಯಿ ಸರ್ಕಾರದ ಕನ್ನಡ ಶಾಲೆಗಳು ಅಲ್ಲಲ್ಲಿ ತೆರೆದವು. ಆದರೆ ‘ಮುಲ್ಕಿ’ ಪರೀಕ್ಷೆಯನ್ನು ದಾಟಿ ಇಂಗ್ಲಿಷ್ ಶಾಲೆಗೆ ಹೋಗುವವರು ಬಹುಕಾಲ ಪಟ್ಟಣದ ಕೆಲವೇ ಮನೆತನಗಳವರು.

ಉಳಿದವರನ್ನು ತಡೆದದ್ದು ಯಾವುದು? ಮೊದಲನೆಯದು ನೀರು. ಕುಮಟೆಯ ಅಘನಾಶಿನಿ, ಹೊನ್ನಾವರದ ಶರಾವತಿ, ಭಟ್ಕಳದ ವೆಂಕಟಾಪುರ ಹೊಳೆ, ಇವುಗಳಿಗೆ ಸೇರುವ ನೂರಾರು ಹಳ್ಳಗಳು ಮಳೆಗಾಲದಲ್ಲಿ ಹಳ್ಳಿ ಹಳ್ಳಿಗಳನ್ನು ಬೇರ್ಪಡಿಸುತ್ತಿದ್ದವು. ನಕ್ಷೆಯಲ್ಲಿ ಎರಡು ಮೈಲು ದೂರದ ಶಾಲೆ ಆಷಾಢದಲ್ಲಿ ಇನ್ನೊಂದು ದೇಶವಾಗುತ್ತಿತ್ತು. ಎರಡನೆಯದು ಗೇಣಿ. ಕರಾವಳಿಯ ಬಹುಪಾಲು ಬೇಸಾಯಗಾರರು ಗೇಣಿ ಒಕ್ಕಲುಗಳು. ಮೂಲಗೇಣಿಯವನಿಗೆ ತಕ್ಕಮಟ್ಟಿನ ನೆಮ್ಮದಿಯಿತ್ತು; ಚಾಲಗೇಣಿಯವನನ್ನು ಒಡೆಯ ಬೇಕೆಂದಾಗ ಬಿಡಿಸಬಹುದಾಗಿತ್ತು. ಬೆಳೆದುದರಲ್ಲಿ ಗೇಣಿಯ ಅಕ್ಕಿಯನ್ನು ಅಳೆದು ಕೊಟ್ಟ ಮೇಲೆ ಉಳಿಯುವುದು ವರ್ಷಕ್ಕೆ ಸಾಲದು. ಅಂತಹ ಮನೆಯಲ್ಲಿ ಎಂಟು ವರ್ಷದ ಮಗು ದನ ಕಾಯುವ ಆಳು. ಹೆಣ್ಣಾದರೆ ಕಿರಿಯ ಮಗುವನ್ನು ಎತ್ತಿಕೊಳ್ಳುವ ತಾಯಿ. ಕಡಲಂಚಿನಲ್ಲಿಯಾದರೆ ಮೀನು ಒಣಗಿಸುವ, ಅಳಿವೆಯಲ್ಲಿ ಚಿಪ್ಪಿ ಹೆಕ್ಕುವ ಕೈ ಅದು. ಮೂರನೆಯದು ತಿರಸ್ಕಾರ. ಹಾಲಕ್ಕಿ ಒಕ್ಕಲಿಗ, ನಾಮಧಾರಿ, ಅಂಬಿಗ, ಹರಿಕಾಂತ, ಖಾರ್ವಿ, ಮೊಗೇರ, ಗೊಂಡ, ಮುಕ್ರಿ ಮೊದಲಾದ ದುಡಿಯುವ ಸಮುದಾಯಗಳ ಮಕ್ಕಳಿಗೆ ‘ನಿಮಗೇಕೆ ಓದು?’ ಎಂಬ ಪ್ರಶ್ನೆ ಶಾಲೆಯ ಬಾಗಿಲಿಗಿಂತ ಮೊದಲೇ ಎದುರಾಗುತ್ತಿತ್ತು.

ದೂರ, ಹಸಿವು, ತಿರಸ್ಕಾರ ಎಂಬ ಈ ಮೂರು ತಡೆಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಚರಿತ್ರೆಯೆಲ್ಲ ಇವುಗಳನ್ನು ಒಂದೊಂದಾಗಿ ತೆಗೆದ ಕಥೆ.

ಘಟ್ಟದ ಮೇಲಿನ ದಾರಿ: ಪ್ರಸಾದನಿಲಯ

ಘಟ್ಟದ ಮೇಲಿನ ನಾಡಿನಲ್ಲಿ ಬಡ ವಿದ್ಯಾರ್ಥಿಯ ಪ್ರಶ್ನೆಗೆ ವೀರಶೈವ ಸಮಾಜ ಕೊಟ್ಟ ಉತ್ತರ ಪ್ರಸಾದನಿಲಯ. ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟು ಮೃತ್ಯುಪತ್ರ ಬರೆದರು. ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿ ಜಾಗೃತಿಯ ಬೀಜ ಬಿತ್ತಿದರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಅವರನ್ನು ನಾಡು ಸಪ್ತರ್ಷಿಗಳೆಂದು ಕರೆಯಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದಲ್ಲಿ ಶಿವಬಸವ ಸ್ವಾಮಿಗಳು ಉಚಿತ ಪ್ರಸಾದನಿಲಯಗಳನ್ನು ನಡೆಸಿ, ಹಳ್ಳಿಯಿಂದ ಬರಿಗೈಯಲ್ಲಿ ಬಂದ ಸಹಸ್ರಾರು ಬಾಲಕರನ್ನು ಪದವೀಧರರನ್ನಾಗಿ ಮಾಡಿದರು. ಈ ಪರಂಪರೆಯ ಶಿಖರಪ್ರಾಯವಾದುದು ಸಿದ್ಧಗಂಗಾ ಕ್ಷೇತ್ರ. 1941ರಿಂದ ಆ ಮಠದ ಹೊಣೆ ಹೊತ್ತು, 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳನ್ನು ನಾಡು ‘ತ್ರಿವಿಧ ದಾಸೋಹಿ’ ಎಂದು ಕರೆದದ್ದು ಅನ್ನ, ಅಕ್ಷರ, ಆಶ್ರಯಗಳ ಕಾರಣದಿಂದ. ಜಾತಿಮತಗಳನ್ನು ಕೇಳದೆ ಏಕಕಾಲದಲ್ಲಿ ಸುಮಾರು 10,000 ಮಕ್ಕಳಿಗೆ ಅಲ್ಲಿ ಊಟ, ವಸತಿ, ವಿದ್ಯೆ ದೊರೆಯುತ್ತ ಬಂದಿತು.

ಪ್ರಸಾದನಿಲಯದ ಕ್ರಮದಲ್ಲಿ ಮಗುವು ವಿದ್ಯೆಯಿರುವಲ್ಲಿಗೆ ಬರುತ್ತದೆ. ಅದರಿಂದ ದೂರವೂ ಹಸಿವೂ ಒಟ್ಟಿಗೆ ನೀಗುತ್ತವೆ. ಅದರ ಹಿರಿಮೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೂ ಚರಿತ್ರೆಕಾರನು ಅದರ ಮಿತಿಯನ್ನೂ ಹೇಳಬೇಕಾಗುತ್ತದೆ. ಮನೆಯ ದುಡಿಮೆಯಿಂದ ಬಿಡಿಸಿ ದೂರದ ಊರಿಗೆ ಕಳುಹಿಸಲು ಸಾಧ್ಯವಾದ ಮಗುವಿಗೆ ಮಾತ್ರ ಅದು ದಕ್ಕುತ್ತದೆ. ಬಹುಕಾಲ ಅದು ಗಂಡುಮಕ್ಕಳ ಸೌಭಾಗ್ಯವಾಗಿಯೇ ಉಳಿಯಿತು. ಅನೇಕ ಕಡೆ ಮೊದಲ ದಶಕಗಳಲ್ಲಿ ಸ್ವಸಮಾಜದ ಎಲ್ಲೆಯನ್ನು ಅದು ದಾಟಲಿಲ್ಲ. ತಮ್ಮನನ್ನು ಎತ್ತಿಕೊಂಡು ಮನೆ ಕಾಯುವ ಹೆಣ್ಣುಮಗಳ ಕೈಗೆ ಅಕ್ಷರ ಮುಟ್ಟಬೇಕಾದರೆ ಬೇರೊಂದು ಕ್ರಮ ಬೇಕಾಗಿತ್ತು.

ಘಟ್ಟದ ಕೆಳಗಿನ ದಾರಿ: ಜನತಾ ವಿದ್ಯಾಲಯ

ಆ ಕ್ರಮದ ಮೂಲವನ್ನು ಹುಡುಕುತ್ತ ಹೋದರೆ ನಾವು ಗೋಪಾಲಕೃಷ್ಣ ಗೋಖಲೆಯವರ ಬಳಿಗೆ ಬರುತ್ತೇವೆ. 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ ಗೋಖಲೆಯವರು, 1911ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯೊಂದನ್ನು ಮಂಡಿಸಿದರು. ಆರರಿಂದ ಹತ್ತು ವರ್ಷದ ಬಾಲಕರಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದಷ್ಟೇ ಅದರ ಉದ್ದೇಶ. ಇಷ್ಟು ಸೌಮ್ಯವಾದ ಮಸೂದೆಯೂ 1912ರಲ್ಲಿ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಗೋಖಲೆಯವರು ಕೆಲವೇ ವರ್ಷಗಳಲ್ಲಿ, 1915ರಲ್ಲಿ, ತೀರಿಕೊಂಡರು. ಅವರ ಸಮಾಜದ ಸದಸ್ಯರೊಬ್ಬರ ಮೂಲಕ ಆ ಸಂಕಲ್ಪ ಉತ್ತರ ಕನ್ನಡದ ತೀರದಲ್ಲಿ ಫಲಿಸಿತು. ಆ ಮಹನೀಯರೇ ದಿನಕರ ದೇಸಾಯಿ.

ಸಾಹಿತ್ಯದ ವಿದ್ಯಾರ್ಥಿಗಳು ದಿನಕರ ದೇಸಾಯಿಯವರನ್ನು (1909–1982) ‘ಚುಟುಕ ಬ್ರಹ್ಮ’ನೆಂದು ಬಲ್ಲರು. ನಾಲ್ಕು ಸಾಲುಗಳಲ್ಲಿ ನಗಿಸಿ ಚುಚ್ಚುವ ಆ ಕವಿಯ ಜೀವನದ ಬಹುಭಾಗ ಸಂದದ್ದು ಸಂಘಟನೆಗೆ. ಅಂಕೋಲೆಯ ಸೀಮೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಉನ್ನತ ವ್ಯಾಸಂಗ ಮಾಡಿ, ಭಾರತ ಸೇವಕ ಸಮಾಜವನ್ನು ಸೇರಿದ ಅವರು 1930ರ ದಶಕದ ಕೊನೆಯ ವರ್ಷಗಳಲ್ಲಿ ಜಿಲ್ಲೆಯ ಗೇಣಿ ರೈತರನ್ನು ಒಗ್ಗೂಡಿಸಿದರು. ಹಾಲಕ್ಕಿ ಒಕ್ಕಲಿಗರೇ ಮೊದಲಾದ ಒಕ್ಕಲು ಜನ ಒಡೆಯರ ಎದುರು ತಲೆಯೆತ್ತಿ ನಿಂತದ್ದು ಆಗ. ಅದರ ಫಲವಾಗಿ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಐದು ವರ್ಷಗಳ ಕಾಲ ಅವರು ತಮ್ಮ ನೆಲಕ್ಕೆ ಕಾಲಿಡುವಂತಿರಲಿಲ್ಲ. ಗೇಣಿಯ ಲೆಕ್ಕವನ್ನು ಓದಲಾರದ ಒಕ್ಕಲಿಗ ನ್ಯಾಯವನ್ನು ಗೆದ್ದರೂ ಉಳಿಸಿಕೊಳ್ಳಲಾರ. ಆದುದರಿಂದ ರೈತಸಂಘದ ಮುಂದಿನ ಹೆಜ್ಜೆ ಶಾಲೆಯೇ ಆಗಬೇಕಿತ್ತು.

1953ರಲ್ಲಿ ಅವರು ಅಂಕೋಲೆಯಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಅಂದಿನ ಪದ್ಧತಿಯಂತೆ ಪ್ರೌಢಶಾಲೆಯೆಂದರೆ ತಾಲೂಕಿನ ಪೇಟೆಯಲ್ಲಿರಬೇಕಾದ ವಸ್ತು. ಟ್ರಸ್ಟು ಅದನ್ನು ಹಳ್ಳಿಗೆ ಕೊಂಡೊಯ್ದಿತು. ಕುಮಟೆ ತಾಲೂಕಿನ ಮಿರ್ಜಾನ, ಹೊನ್ನಾವರ ತಾಲೂಕಿನ ಅನಿಲಗೋಡ, ಭಟ್ಕಳ ತಾಲೂಕಿನ ಶಿರಾಲಿ ಮತ್ತು ಮುರ್ಡೇಶ್ವರ ಇಂತಹ ಸ್ಥಳಗಳಲ್ಲಿ ‘ಜನತಾ ವಿದ್ಯಾಲಯ’ಗಳು ಕಾಲಕ್ರಮದಲ್ಲಿ ತಲೆಯೆತ್ತಿದವು. ಹೆಸರಿನಲ್ಲಿಯೇ ಅರ್ಥವಿದೆ: ದಾನಿಯ ಹೆಸರಿಲ್ಲ, ಜಾತಿಯ ಹೆಸರಿಲ್ಲ, ಜನತೆಯ ಹೆಸರಿದೆ. ಗೋಖಲೆಯವರ ಜನ್ಮಶತಾಬ್ದಿಯಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಆರಂಭವಾಯಿತು. 1912ರಲ್ಲಿ ಸೋತ ಮಸೂದೆಗೆ ಕರಾವಳಿ ಸಲ್ಲಿಸಿದ ಉತ್ತರವೆಂದು ಅದನ್ನು ಭಾವಿಸಬಹುದು. ಮರುವರ್ಷ, 1967ರಲ್ಲಿ, ಜಿಲ್ಲೆಯ ಜನ ದೇಸಾಯಿಯವರನ್ನು ಪಕ್ಷೇತರರಾಗಿಯೇ ಲೋಕಸಭೆಗೆ ಆರಿಸಿ ಕಳುಹಿಸಿದರು.

ಈ ತೀರದ ವಿದ್ಯಾಪ್ರಸಾರವೆಲ್ಲ ಒಬ್ಬರಿಂದಲೇ ಆಯಿತೆಂದು ಹೇಳುವುದು ನ್ಯಾಯವಲ್ಲ. ಭಟ್ಕಳದಲ್ಲಿ ನವಾಯತ ಮುಸಲ್ಮಾನ ಬಾಂಧವರು 1919ರಷ್ಟು ಹಿಂದೆಯೇ ಅಂಜುಮನ್ ಸಂಸ್ಥೆಯನ್ನು ಸ್ಥಾಪಿಸಿ, ಶಾಲೆಯಿಂದ ತಾಂತ್ರಿಕ ಕಾಲೇಜಿನವರೆಗೆ ಬೆಳೆಸಿದ್ದಾರೆ. ಕುಮಟೆಯ ಗಿಬ್ ಹೈಸ್ಕೂಲು, ಪ್ರಸಿದ್ಧ ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗರ ಹೆಸರು ಹೊತ್ತ ಕಾಲೇಜು, ಹೊನ್ನಾವರದ ಎಸ್. ಡಿ. ಎಂ. ಕಾಲೇಜು ಇವೆಲ್ಲ ತಮ್ಮ ತಮ್ಮ ಸೇವೆ ಸಲ್ಲಿಸಿವೆ. ಆದರೆ ಪಟ್ಟಣದ ವಿದ್ಯಾಲಯ ಹಳ್ಳಿಯ ಹುಡುಗನನ್ನು ಕಾಯುತ್ತಿತ್ತು. ಜನತಾ ವಿದ್ಯಾಲಯ ಅವನನ್ನು ಅರಸಿಕೊಂಡು ಹೋಯಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಸ್ಥಾವರ, ಎರಡನೆಯದು ಜಂಗಮ. ಮಗಳನ್ನು ಹೊಳೆ ದಾಟಿಸಿ ಪೇಟೆಗೆ ಕಳುಹಿಸಲು ಅಂಜುವ ತಾಯಿ, ಊರಿನ ಶಾಲೆಗೆ ಕಳುಹಿಸಲು ಅಂಜಲಿಲ್ಲ. ಪ್ರಸಾದನಿಲಯದ ದಾರಿಗೆ ಎಟುಕದಿದ್ದ ಹೆಣ್ಣುಮಗು ಈ ದಾರಿಗೆ ಎಟುಕಿದಳು.

ನೆಲ ಮತ್ತು ಅನ್ನ

ಶಾಲೆ ಹತ್ತಿರವಾದ ಮಾತ್ರಕ್ಕೆ ಹಸಿವು ಹಿಂಗಲಿಲ್ಲ. ಮುಂಬಯಿ ಸರ್ಕಾರ 1947ರಲ್ಲಿ ಮಾಡಿದ ಪ್ರಾಥಮಿಕ ಶಿಕ್ಷಣದ ಕಾಯಿದೆ, ಏಕೀಕರಣದ ನಂತರ 1961ರಲ್ಲಿ ಮೈಸೂರು ರಾಜ್ಯ ಮಾಡಿದ ಕಡ್ಡಾಯ ಶಿಕ್ಷಣದ ಕಾಯಿದೆ ಎರಡೂ ತಂದೆಗೆ ಆಜ್ಞೆ ಮಾಡಿದವು. ಅವನ ಪಡಿಗೆ ಅಕ್ಕಿಯನ್ನು ಕೊಡಲಿಲ್ಲ. ಆ ಕೊರತೆಯನ್ನು ತುಂಬಿದ ಮೊದಲ ಶಾಸನ ಶಿಕ್ಷಣದ್ದಲ್ಲ, ಭೂಮಿಯದು. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣೆಯ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಕರಾವಳಿಯ ಗೇಣಿದಾರರು ‘ಡಿಕ್ಲರೇಶನ್’ ಕೊಟ್ಟು, ಭೂನ್ಯಾಯಮಂಡಲಿಗಳ ಮುಂದೆ ನಿಂತು ಉಳುವ ನೆಲದ ಒಡೆಯರಾದರು. ಗೇಣಿಯಾಗಿ ಒಡೆಯನ ಕಣಜಕ್ಕೆ ಹೋಗುತ್ತಿದ್ದ ಅಕ್ಕಿ ಮನೆಯಲ್ಲುಳಿದಾಗ, ದನ ಕಾಯಲು ಹೋಗುತ್ತಿದ್ದ ಹುಡುಗ ಪಾಟಿಚೀಲ ಹಿಡಿಯುವುದು ಸಾಧ್ಯವಾಯಿತು. 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಸಲ್ಲಿಸಿದ ಹಾವನೂರ ಆಯೋಗ ಹಿಂದುಳಿದ ವರ್ಗಗಳ ಮಕ್ಕಳಿಗೆ ಮೇಲಿನ ಓದು ಮತ್ತು ಉದ್ಯೋಗದ ಬಾಗಿಲು ತೆರೆಯುವ ಮಾರ್ಗವನ್ನು ಸೂಚಿಸಿತು. ಮುಂದೆ ಉದ್ಯೋಗವುಂಟೆಂಬ ಭರವಸೆಯಿಲ್ಲದೆ ಬಡವನು ಮಗನ ಹತ್ತು ವರ್ಷದ ದುಡಿಮೆಯನ್ನು ಬಿಟ್ಟುಕೊಡುವುದು ಕಷ್ಟ.

ಇನ್ನು ಶಾಲೆಯೊಳಗಿನ ಅನ್ನ. 1995ರಲ್ಲಿ ಕೇಂದ್ರದ ಯೋಜನೆಯಂತೆ ಶಾಲಾಮಕ್ಕಳ ಮನೆಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವ ಏರ್ಪಾಡು ಆರಂಭವಾಯಿತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆದೇಶಿಸಿತು. ಕರ್ನಾಟಕ ಸರ್ಕಾರ 2002ರ ಜೂನ್ ತಿಂಗಳಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಬಿಸಿಯೂಟವನ್ನು ಆರಂಭಿಸಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ, ಮುಂದೆ ಪ್ರೌಢಶಾಲೆಗಳಿಗೂ ವಿಸ್ತರಿಸಿತು. ಆ ಯೋಜನೆಗೆ ಸರ್ಕಾರ ಇಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಮಾತೊಂದು ಎಂಟು ಶತಮಾನಗಳನ್ನು ದಾಟಿ ಸರ್ಕಾರದ ಕಡತವನ್ನು ಹೊಕ್ಕು, ಹೊನ್ನಾವರದ ಕಡಲತಡಿಯ ಶಾಲೆಯ ಗೋಡೆಯ ಮೇಲೂ ಕಾಣಿಸಿಕೊಂಡಿತು. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು, ಒಂದೇ ಪಾತ್ರೆಯ ಅನ್ನವನ್ನು ಉಣ್ಣುವ ಆ ನೋಟದಲ್ಲಿ ಪ್ರಸಾದದ ಕಲ್ಪನೆ ಲೌಕಿಕವಾಗಿ ಸಾಕಾರಗೊಂಡಿದೆ.

ಫಲವೇನೆಂದು ಕೇಳಿದರೆ ಅಂಕೆಗಳು ಉತ್ತರಿಸುತ್ತವೆ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಸಾಕ್ಷರತೆ ಶೇಕಡಾ 84. ಇಡೀ ರಾಜ್ಯದ್ದು ಶೇಕಡಾ 75ರ ಆಸುಪಾಸು. ಅರಣ್ಯ, ಹೊಳೆ, ಘಟ್ಟಗಳಿಂದ ತುಂಬಿದ ಜಿಲ್ಲೆ ರಾಜ್ಯದ ಸರಾಸರಿಯನ್ನು ಮೀರಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ. ಶಾಲೆ ಹತ್ತಿರ ಬಂದು, ನೆಲ ಕೈಗೆ ಬಂದು, ಅನ್ನ ತಟ್ಟೆಗೆ ಬಂದ ಮೇಲೆ ದೂರ ಮತ್ತು ಹಸಿವು ಎಂಬ ಎರಡು ತಡೆಗಳು ಬಹುಮಟ್ಟಿಗೆ ಸರಿದವು.

ತರಗತಿಯೊಳಗಿನ ಅಂತರ

ಮೂರನೆಯ ತಡೆ ಶಾಲೆಯ ಹೊರಗಿನಿಂದ ಒಳಕ್ಕೆ ಬಂದು ಕುಳಿತಿದೆ. ‘ಅಸರ್’ ಎಂಬ ಹೆಸರಿನಲ್ಲಿ ಗ್ರಾಮೀಣ ಭಾರತದಲ್ಲಿ ನಡೆಯುವ ಸಮೀಕ್ಷೆ, ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ತರಗತಿಯ ಪಾಠವನ್ನು ಓದಲಾಗುವುದಿಲ್ಲವೆಂದು 2018ರಲ್ಲಿ ತಿಳಿಸಿತು. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಊಟದ ಸಾಲಿನಲ್ಲಿ ತಟ್ಟೆಯಿದೆ. ಅಕ್ಷರ ಮಾತ್ರ ಒಳಗಿಳಿದಿಲ್ಲ. ಹೀಗೆ ಹಿಂದುಳಿಯುವವರಲ್ಲಿ ಬಡವರ ಮಕ್ಕಳೇ ಹೆಚ್ಚೆಂಬುದನ್ನು ಶಿಕ್ಷಕರೆಲ್ಲರೂ ಬಲ್ಲರು. ಏಕೆ ಹೀಗೆ?

ಉಪಾಧ್ಯಾಯ ವೃತ್ತಿಯಲ್ಲಿ ಬಾಳು ಸವೆಸಿದವರಿಗೆ ಇದರ ಕಾರಣ ಕಣ್ಣೆದುರಿನದು. ಶಾಲೆಗಳು ತೆರೆಯುವುದು ಜೂನಿನ ಹೊತ್ತಿಗೆ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ ಮತ್ತು ಜುಲೈ ನಿಷೇಧದ ತಿಂಗಳುಗಳು. ದೋಣಿ ದಡದಲ್ಲಿ, ಆದಾಯ ತಳದಲ್ಲಿ. ಪಟ್ಟಿ ಪುಸ್ತಕ ಕೊಳ್ಳಬೇಕಾದ ಹೊತ್ತಿಗೇ ಮೀನುಗಾರನ ಕೈ ಬರಿದಾಗಿರುತ್ತದೆ. ಒಕ್ಕಲು ಮನೆಗಳಲ್ಲಿ ಅದೇ ನಾಟಿಯ ಕಾಲ. ಮಗು ಹತ್ತು ದಿನ ಶಾಲೆ ತಪ್ಪಿಸಿ ಬರುವಷ್ಟರಲ್ಲಿ ಪಾಠ ಮುಂದೆ ಸಾಗಿರುತ್ತದೆ. ಉಳ್ಳವರ ಮಗುವೂ ಜ್ವರ ಬಂದು ಹತ್ತು ದಿನ ಮಲಗುವುದುಂಟು. ಆದರೆ ತಪ್ಪಿದ ಪಾಠವನ್ನು ಅದಕ್ಕೆ ಮನೆಯಲ್ಲಿ ತಂದೆ ಹೇಳಿಕೊಡುತ್ತಾನೆ, ಇಲ್ಲವೇ ಹಣ ತೆತ್ತು ಟ್ಯೂಷನ್ ಹೇಳಿಸುತ್ತಾನೆ. ಬಡವರ ಮಗುವಿಗೆ ಎರಡನೆಯ ಸಲ ಹೇಳುವವರಿಲ್ಲ. ಎರಡು ಮಕ್ಕಳ ನಡುವಿನ ಅಂತರದ ಬಹುಭಾಗ ಈ ಎರಡನೆಯ ಸಲದ ಬೋಧೆಯಲ್ಲಿದೆ; ಬುದ್ಧಿಯಲ್ಲಿಲ್ಲ.

ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಖಾರ್ವಿಯರ ಮನೆಮಾತು ಕೊಂಕಣಿ. ಭಟ್ಕಳದ ನವಾಯತರದು ನವಾಯತಿ. ಹಾಲಕ್ಕಿಗಳದು ತಮ್ಮದೇ ಸೊಗಡಿನ ಕನ್ನಡ. ಪಠ್ಯಪುಸ್ತಕದ ಕನ್ನಡ ಇವರಿಗೆಲ್ಲ ಅರ್ಧ ಪರಭಾಷೆ. ಮನೆಯ ಮಾತಿನಲ್ಲಿ ಉತ್ತರ ಹೇಳಿ ಒಮ್ಮೆ ನಗೆಗೀಡಾದ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ತಿರಸ್ಕಾರ ಈಗ ಬೈಗುಳದ ರೂಪದಲ್ಲಿಲ್ಲ, ಮೌನದ ರೂಪದಲ್ಲಿದೆ. ಅಂಕೋಲೆ ತಾಲೂಕಿನ ಹಾಲಕ್ಕಿ ಮಹಿಳೆಯರಾದ ಸುಕ್ರಿ ಬೊಮ್ಮಗೌಡ ಮತ್ತು ತುಳಸಿ ಗೌಡ ಇಬ್ಬರಿಗೂ ಪದ್ಮಶ್ರೀ ಸಂದಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಒಬ್ಬರ ಕಂಠದಲ್ಲಿ ಹಾಡಿನ ಭಂಡಾರ, ಇನ್ನೊಬ್ಬರ ಬೆರಳಲ್ಲಿ ಕಾಡಿನ ಶಾಸ್ತ್ರ. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಂತಹ ಜ್ಞಾನವುಳ್ಳ ಸಮುದಾಯದ ಮಗು ತರಗತಿಯಲ್ಲಿ ದಡ್ಡನೆನಿಸಿಕೊಂಡರೆ ಲೋಪವನ್ನು ಮಗುವಿನಲ್ಲಿ ಹುಡುಕುವುದು ಸಲ್ಲದು.

ಇದಕ್ಕೆ ಮದ್ದಿಲ್ಲವೆಂದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಮಾಡಿ, ಪ್ರತಿಯೊಂದು ಮಗುವೂ ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುವಂತೆ ಏರ್ಪಡಿಸಿದರು. ಹತ್ತು ದಿನ ತಪ್ಪಿಸಿ ಬಂದ ಮಗುವಿಗೆ ಅದರ ಮೆಟ್ಟಿಲು ಹಾಗೆಯೇ ಕಾದಿರುತ್ತದೆ. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಸಾಧಕನನ್ನು ಸ್ಥಲದಿಂದ ಸ್ಥಲಕ್ಕೆ ಅವನ ಯೋಗ್ಯತಾನುಸಾರ ನಡೆಸುವ ಷಟ್‌ಸ್ಥಲದ ಪರಂಪರೆಯಲ್ಲಿ ಬೆಳೆದ ನಮಗೆ ಈ ಕ್ರಮ ಅಪರಿಚಿತವೆನಿಸಬಾರದು. ಇನ್ನೊಂದು ಉದಾಹರಣೆ 2020ರದು. ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿ, ಪಾಠವು ಮೊಬೈಲಿಗೆ ಹೋದಾಗ ಮೊಬೈಲಿಲ್ಲದ ಮನೆಯ ಮಗು ಶಾಲೆಯನ್ನೇ ಕಳೆದುಕೊಂಡಿತು. ಆ ವರ್ಷದ ಆಗಸ್ಟಿನಲ್ಲಿ ಆರಂಭವಾಗಿ ಅಕ್ಟೋಬರಿನಲ್ಲಿ ನಿಂತ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಕೇರಿ ಕೇರಿಗೆ ಹೋಗಿ ದೇವಸ್ಥಾನದ ಪೌಳಿಯಲ್ಲಿ, ಮನೆಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅದನ್ನು ನಿಲ್ಲಿಸಬೇಕಾಯಿತಾದರೂ, ಶಿಕ್ಷಕ ಜಂಗಮನಾಗಬಲ್ಲನೆಂಬುದು ಆ ಕೆಲವೇ ವಾರಗಳಲ್ಲಿ ಸಿದ್ಧವಾಯಿತು.

ಆದರೆ ಹೊಸದೊಂದು ಪಂಕ್ತಿಭೇದವೂ ತಲೆದೋರಿದೆ. ಉಳ್ಳವರ ಮಕ್ಕಳು ಬೆಳಿಗ್ಗೆ ವಾಹನವೇರಿ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾರೆ; ಊರಿನ ಕನ್ನಡ ಶಾಲೆ ಬಡವರದಷ್ಟೇ ಆಗಿ ಉಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. 2019ರಲ್ಲಿ ಕರ್ನಾಟಕ ಆ ನಿಯಮವನ್ನು ತಿದ್ದಿ, ಸರ್ಕಾರಿ ಶಾಲೆ ಸಮೀಪದಲ್ಲಿದ್ದರೆ ಆ ಅವಕಾಶವಿಲ್ಲವೆಂದು ಮಾಡಿತು. ಊರಿನ ಶಾಲೆ ಉಳಿಯಬೇಕೆಂಬುದು ಸರಿ. ಆದರೆ ಹೇಳುವವರು ಕೇಳುವವರು ದೂರವಾದ ಶಾಲೆಯ ಕಲಿಕೆ ಬಿಗಿಯಾಗಿರುವಂತೆ ನೋಡಿಕೊಳ್ಳುವವರು ಯಾರು?

ನಮ್ಮ ಹೊಣೆ

ಈ ಪ್ರಶ್ನೆ ಸರ್ಕಾರಕ್ಕೆ ಮಾತ್ರ ಸೇರಿದುದಲ್ಲ. ದಾಸೋಹವೆಂಬ ಪದವನ್ನು ನಾಡಿಗೆ ಕೊಟ್ಟ ಪರಂಪರೆಗೆ ಅದು ಮೊದಲು ಸೇರಿದುದು. ನಮ್ಮ ಮಠಗಳು ಇಂದು ನೂರಾರು ವಿದ್ಯಾಸಂಸ್ಥೆಗಳನ್ನು ನಡೆಸುತ್ತಿವೆ. ಅವುಗಳಲ್ಲಿ ಕೆಲವು ಶುಲ್ಕ ತೆರಬಲ್ಲವರಿಗೆ ಮಾತ್ರ ಎಟುಕುವಂತಿವೆಯೆಂಬುದನ್ನು ಮರೆಮಾಚಿ ಫಲವಿಲ್ಲ. ಅನ್ನದ ಸಾಲಿನಲ್ಲಿ ಯಾರನ್ನೂ ಎಬ್ಬಿಸದ ಮಠ, ಅಕ್ಷರದ ಸಾಲಿನಲ್ಲಿ ಬಡವನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅದು ಪಂಕ್ತಿಭೇದವೇ ಸರಿ. ಒಂದು ಮಠ ಹತ್ತು ಹಳ್ಳಿಗಳನ್ನು ಆರಿಸಿಕೊಂಡು, ಸಂಜೆ ಎರಡು ತಾಸು ಅಲ್ಲಿಯ ಶಾಲೆಯ ಜಗಲಿಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠವನ್ನು ಎರಡನೆಯ ಸಲ ಹೇಳಿಸುವ ಏರ್ಪಾಡು ಮಾಡಿದರೆ, ಅದಕ್ಕೆ ದೊಡ್ಡ ಕಟ್ಟಡ ಬೇಡ, ಉದ್ಘಾಟನೆಯ ಕಲ್ಲೂ ಬೇಡ. ನಿವೃತ್ತ ಶಿಕ್ಷಕರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ನಾಟಿಯ ಹತ್ತು ದಿನ, ದೋಣಿ ದಡದಲ್ಲಿರುವ ಎರಡು ತಿಂಗಳು ಯಾವ ಮಗುವಿನ ಪಾಠ ತಪ್ಪಿತೆಂಬ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಇಡಬಲ್ಲವರಿಲ್ಲ.

ಕುಮಟೆ, ಹೊನ್ನಾವರ, ಭಟ್ಕಳಗಳ ಚರಿತ್ರೆ ನಮಗೆ ಕಲಿಸುವುದಿಷ್ಟು. ಶಾಲೆಯನ್ನು ಮಗುವಿನ ಊರಿಗೆ ಒಯ್ದಾಗ ದೂರ ಅಳಿಯಿತು. ನೆಲವೂ ಅನ್ನವೂ ದೊರೆತಾಗ ಹಸಿವು ತಗ್ಗಿತು. ತಿರಸ್ಕಾರ ಅಳಿಯುವುದು ಶಿಕ್ಷಕನು ಹಿಂದಿನ ಸಾಲಿನ ಮಗುವಿನ ಮುಂದೆ ದಾಸನಾಗಿ ಕುಳಿತಾಗ. ಜಾತ್ರೆಯಲ್ಲಿ ಎಷ್ಟು ಸಾವಿರ ಜನ ಉಂಡರೆಂದು ಎಣಿಸುವ ನಾವು, ಕೊನೆಯ ಎಲೆಗೆ ಅನ್ನ ಬಿತ್ತೇ ಎಂದು ನೋಡಿಯೇ ದಾಸೋಹ ಮುಗಿಯಿತೆನ್ನುತ್ತೇವೆ. ಅದೇ ಅಳತೆಯಲ್ಲಿ ಶಾಲೆಯನ್ನೂ ಅಳೆಯೋಣ: ಮೊದಲ ಸ್ಥಾನದಲ್ಲಿ ಉತ್ತೀರ್ಣನಾದವನ ಹೆಸರನ್ನು ಕೇಳುವ ಮೊದಲು, ಕೊನೆಯ ಸಾಲಿನ ಮಗು ಓದಬಲ್ಲದೇ ಎಂದು ಕೇಳೋಣ.